ಅಗ್ಗದ ಬೆಣ್ಣೆಯ ವ್ಯತ್ಯಾಸ ಯಾರ ಖಾತೆಗೆ?

ಹಾಲು ಹಾಕಲು ಬರುವ ಹುಡುಗನೊಬ್ಬ ಕ್ಯಾನನ್ನು ಕೆಳಗಿಡುವ ಮೊದಲೇ ಕೇಳಿದ: "ಅಕ್ಕ, ಯುರೋಪಿನಲ್ಲಿ ಹಾಲಿನ ಪುಡಿ ಮಿಕ್ಕು ಬಿದ್ದಿದೆಯಂತೆ, ಅಗ್ಗಕ್ಕೆ ಕೊಡುತ್ತಾರಂತೆ. ಹಿಂಡಿ, ಬೂಸಾ ಎಂದು ದುಡ್ಡು ಸುರಿದು ಹಸು ಸಾಕುವ ಬದಲು ಅದನ್ನೇ ತರಿಸಿ ಕದಡಿ ಮಾರಿದರೆ ಆಗುವುದಿಲ್ಲವೇ?" ಅವನ ಮನೆಯಲ್ಲಿ ಆಗ ಒಂದು ಹಸುವಿಗೆ ಕೆಚ್ಚಲು ಬಾವು. ಮಾತಿನಲ್ಲಿ ಕುತೂಹಲಕ್ಕಿಂತ ಬೇಸರವೇ ಹೆಚ್ಚಿತ್ತು. "ಸ್ಯಾಂಪಲ್ ಕೊಡು, ಹಿಂದೆ ಸಾಲು ನಿಂತಿದೆ" ಎಂದು ಕಳಿಸಿದೆ. ಹಾಲಿನ ಗಾಡಿ ಬರುವ ಹೊತ್ತಿನಲ್ಲಿ, ಯುರೋಪಿನ ಕೃಷಿ ನೀತಿ ತೀರ್ಮಾನವಾಗುವ ಬ್ರಸೆಲ್ಸ್‌ನಿಂದ ಹೊರಟು ನಮ್ಮ ಕೊಡಗಿನ ಸುಂಟಿಕೊಪ್ಪಕ್ಕೆ ಬಂದು ಮುಟ್ಟುವಷ್ಟು ಪುರುಸೊತ್ತು ಯಾರಿಗಿದೆ? ಇಲ್ಲಿ ಬರೆಯುವಾಗ ಇದೆ.

ನಾನು ಸೋಮವಾರಪೇಟೆ ಕಡೆಯ ಒಂದು ಸಣ್ಣ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಹಾಕುವುದು, ಬಟವಾಡೆ ಪುಸ್ತಕ ಬರೆಯುವುದು ನನ್ನ ಕೆಲಸ. ತವರು ಮಂಡ್ಯ ಜಿಲ್ಲೆ. ಅಲ್ಲಿ ಅಣ್ಣ ಕಬ್ಬು ಬೆಳೆಯುತ್ತಾನೆ. ಗಂಡನ ಮನೆಯಲ್ಲಿ ಸ್ವಲ್ಪ ರೊಬಸ್ಟಾ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸು. ಹಾಲು, ಸಕ್ಕರೆ, ಕಾಫಿ ಮೂರೂ ಸೇರಿ ಒಂದು ಲೋಟವಾಗುತ್ತದೆ. ಮೂರರಲ್ಲಿ ಒಂದರ ದರವೂ ನಮ್ಮ ಕೈಯಲ್ಲಿಲ್ಲ. ಹಾಗಾಗಿ, ಬೆಳೆದವನ ಊರಿನಲ್ಲಿ ದುಬಾರಿಯಾಗಿರುವ ವಸ್ತು ಸಮುದ್ರ ದಾಟಿದೊಡನೆ ಅಗ್ಗವಾಗುವ ವಿದ್ಯೆಯ ಮೇಲೆ ನನಗೆ ಹಳೆಯ ಆಸಕ್ತಿ.

ಯುರೋಪಿನವರಿಗೆ ಅಷ್ಟೊಂದು ಮಿಗುವುದು ಹೇಗೆ ಎಂದು ತಿಳಿಯಬೇಕಾದರೆ ಅವರ ಹಸಿವಿನಿಂದಲೇ ಆರಂಭಿಸಬೇಕು. 1944-45ರ ಚಳಿಗಾಲದಲ್ಲಿ ನೆದರ್‌ಲೆಂಡಿನ ಜನ ಟುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದು ಜೀವ ಹಿಡಿದಿದ್ದರು. ಯುದ್ಧ ಮುಗಿದ ವರ್ಷವೇ ಅಲ್ಲಿಯ ಆಹಾರ ಮತ್ತು ಕೃಷಿ ಮಂತ್ರಿಯಾದವರು ಸಿಕ್ಕೋ ಮಾನ್ಸ್‌ಹೋಲ್ಟ್ ಎಂಬ ರೈತ. ಮುಂದೆ ಯುರೋಪಿಯನ್ ಆರ್ಥಿಕ ಸಮುದಾಯದ ಕೃಷಿಯ ಹೊಣೆಯೂ ಅವರ ಹೆಗಲಿಗೇ ಬಂತು. 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ದೇಶಗಳು 1962ರಲ್ಲಿ ಸಾಮಾನ್ಯ ಕೃಷಿ ನೀತಿಯನ್ನು ಜಾರಿಗೆ ತಂದವು. ಇನ್ನು ಮುಂದೆ ಊಟಕ್ಕಾಗಿ ಯಾರ ಮುಂದೆಯೂ ಕೈಚಾಚಬಾರದು, ರೈತನೂ ಪಟ್ಟಣದವನಷ್ಟೇ ಮರ್ಯಾದೆಯಿಂದ ಬದುಕಬೇಕು ಎಂಬ ಹಟ ಅದರ ಹಿಂದೆ ಇತ್ತು. ಆ ಹಟದ ಬಗ್ಗೆ ನನಗೆ ಗೌರವವಿದೆ. ಅಮೆರಿಕ ನೆರವಾಗಿ ಕಳಿಸುತ್ತಿದ್ದ ಪಿ.ಎಲ್. 480 ಗೋಧಿಯ ಹಡಗುಗಳಿಗಾಗಿ ಕಾದಿದ್ದ ದೇಶದವರು ನಾವು. ಆ ಹಟವನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ನೀತಿಯ ಕೀಲು ಹೀಗಿತ್ತು. ಬೆಣ್ಣೆ, ಹಾಲಿನ ಪುಡಿ, ಸಕ್ಕರೆ, ಗೋಧಿ, ದನದ ಮಾಂಸಕ್ಕೆ ಮಂತ್ರಿಗಳು ಕೂತು ಪ್ರತಿವರ್ಷ ದರ ನಿಗದಿ ಮಾಡುತ್ತಿದ್ದರು. ಹೊರಗಿನ ಮಾಲು ಅಗ್ಗವಾಗಿ ಒಳನುಗ್ಗದಂತೆ ಗಡಿಯಲ್ಲಿ ಲೆವಿ ಎಂಬ ಸುಂಕ ಹಾಕುತ್ತಿದ್ದರು. ಹೊರಗಡೆ ದರ ಇಳಿದಷ್ಟೂ ಲೆವಿ ಏರುತ್ತಿತ್ತು. ಒಳಗಿನ ಮಾರುಕಟ್ಟೆಯಲ್ಲಿ ದರ ಕುಸಿದರೆ ಸರ್ಕಾರಿ ಸಂಸ್ಥೆಗಳೇ ನಿಗದಿಯಾದ ದರಕ್ಕೆ ಕೊಂಡು ಗೋದಾಮಿನಲ್ಲಿ ತುಂಬುತ್ತಿದ್ದವು. ಬಟವಾಡೆ ಬರೆಯುವವಳ ಕಣ್ಣಿಗೆ ಇದರಲ್ಲಿ ಮೊದಲು ಚುಚ್ಚುವುದು ಒಂದೇ ಸಂಗತಿ: ದರಕ್ಕೆ ಭರವಸೆ ಇತ್ತು, ಪ್ರಮಾಣಕ್ಕೆ ಮಿತಿ ಇರಲಿಲ್ಲ. ನಮ್ಮ ಸಂಘದಲ್ಲಿ "ಎಷ್ಟು ತಂದರೂ ಇದೇ ದರ, ಯಾರಿಗೆ ಬೇಕು ಎಂಬ ಚಿಂತೆ ನಿಮಗೆ ಬೇಡ" ಎಂದು ಬೋರ್ಡು ಹಾಕಿದರೆ ಒಂದೇ ವರ್ಷದಲ್ಲಿ ಕ್ಯಾನ್ ಇಡಲು ಜಾಗ ಸಾಲದು.

ಮಾನ್ಸ್‌ಹೋಲ್ಟ್ ಅವರಿಗೂ ಇದು ಬೇಗ ಅರ್ಥವಾಯಿತು. 1968ರಲ್ಲಿ ಅವರೇ ಹಸುಗಳ ಸಂಖ್ಯೆ ಇಳಿಸಬೇಕು, ಲಕ್ಷಾಂತರ ಜನ ಬೇಸಾಯ ಬಿಡಬೇಕು ಎಂದು ಯೋಜನೆ ಮುಂದಿಟ್ಟರು. ರೈತರು ಸಿಡಿದೆದ್ದರು. 1971ರಲ್ಲಿ ಬ್ರಸೆಲ್ಸ್‌ನಲ್ಲಿ ಮಂತ್ರಿಗಳ ಸಭೆ ನಡೆಯುತ್ತಿದ್ದ ಕೋಣೆಗೇ ಹಸುಗಳನ್ನು ಹತ್ತಿಸಿಕೊಂಡು ಹೋದರು. (ಸಭೆಗೆ ಹಸು ನುಗ್ಗಿಸುವ ಉಪಾಯ ನಮ್ಮ ಸದಸ್ಯರ ಕಿವಿಗೆ ಬೀಳದಿರಲಿ.) ಯೋಜನೆ ತೆಳುವಾಯಿತು, ಹಾಲು ಉಕ್ಕುತ್ತಲೇ ಹೋಯಿತು. ಬೆಣ್ಣೆಯ ಬೆಟ್ಟ, ವೈನಿನ ಕೆರೆ ಎಂಬ ಮಾತುಗಳು ಪತ್ರಿಕೆಗಳಲ್ಲಿ ಹುಟ್ಟಿಕೊಂಡದ್ದು ಆ ಕಾಲದಲ್ಲಿ. 1986ರ ಹೊತ್ತಿಗೆ ಶೀತಲ ಗೋದಾಮುಗಳಲ್ಲಿದ್ದ ಬೆಣ್ಣೆಯೊಂದೇ 10 ಲಕ್ಷ ಟನ್ನನ್ನು ಮೀರಿತ್ತು.

ಬೆಟ್ಟವನ್ನು ಕರಗಿಸಬೇಕಲ್ಲ. ಗೋದಾಮಿನ ಬಾಡಿಗೆ, ಕರೆಂಟು, ಬಡ್ಡಿ ಎಲ್ಲ ದಿನದಿನವೂ ಓಡುತ್ತಿದ್ದವು, ಬೆಣ್ಣೆ ಹಳೆಯದಾಗುತ್ತಿತ್ತು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಜನರಿಗೆ ಅಗ್ಗದ ಬೆಣ್ಣೆ ಕೊಟ್ಟರು. ಕೆನೆ ತೆಗೆದ ಹಾಲಿನ ಪುಡಿಯನ್ನು ಕರುಗಳ ಮೇವಿಗೆ ಹಾಕಿದರು. ಹಸುವಿನಿಂದ ಹಿಂಡಿ, ಕಾಯಿಸಿ, ಪುಡಿ ಮಾಡಿ, ಚೀಲಕ್ಕೆ ತುಂಬಿ, ಮತ್ತೆ ಹಸುವಿನ ಕರುವಿಗೆ! ಉಳಿದದ್ದಕ್ಕೆ ಇದ್ದ ದೊಡ್ಡ ಬಾಗಿಲು ರಫ್ತು.

ರಫ್ತಿನ ಲೆಕ್ಕವನ್ನು ಒಂದು ಕಾಲ್ಪನಿಕ ದರ ಹಿಡಿದು ಹೇಳುತ್ತೇನೆ. ಯುರೋಪಿನ ಒಳಗೆ ಬೆಣ್ಣೆಗೆ 100 ಇದೆ, ಹೊರಗಿನ ಜಗತ್ತಿನಲ್ಲಿ 40 ಇದೆ ಎನ್ನಿ. 100 ಕೊಟ್ಟು ಕೊಂಡ ವ್ಯಾಪಾರಿ 40ಕ್ಕೆ ಮಾರಲಾರ. ಹಡಗಿಗೆ ತುಂಬಿದ ಕಾಗದ ತೋರಿಸಿದರೆ ನಡುವಿನ 60ನ್ನು ಸಮುದಾಯದ ಬೊಕ್ಕಸ ಕೊಡುತ್ತಿತ್ತು. ಇದರ ಹೆಸರು ರಫ್ತು ಮರುಪಾವತಿ. ಮಾಲು ಹೋಗುವ ದೇಶವನ್ನು ನೋಡಿ ಮರುಪಾವತಿಯ ದರವೂ ಬೇರೆಬೇರೆ. 1990ರ ದಶಕದ ಆರಂಭದಲ್ಲಿ ಈ ಬಾಬತ್ತಿಗೆ ಹೋಗುತ್ತಿದ್ದ ಹಣ ವರ್ಷಕ್ಕೆ ಸುಮಾರು 1,000 ಕೋಟಿ ಎಕ್ಯು. ಯೂರೋ ಬರುವ ಮೊದಲು ಅವರು ಲೆಕ್ಕ ಇಡುತ್ತಿದ್ದ ನಾಣ್ಯ ಅದು. ಕಾಗದದ ಮೇಲೆ ಹಡಗು ಹತ್ತಿ, ನಿಜದಲ್ಲಿ ಹತ್ತದ ಮಾಲಿಗೂ ಹಣ ಎತ್ತಿದವರಿದ್ದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಅತಿ ದೊಡ್ಡ ಗದ್ದಲ ಎದ್ದದ್ದು 1973ರಲ್ಲಿ. ಸಮುದಾಯ 2 ಲಕ್ಷ ಟನ್ ಬೆಣ್ಣೆಯನ್ನು ಸೋವಿಯತ್ ಒಕ್ಕೂಟಕ್ಕೆ, ತನ್ನ ಜನ ಅಂಗಡಿಯಲ್ಲಿ ಕೊಡುತ್ತಿದ್ದ ದರದ ಒಂದು ಸಣ್ಣ ಪಾಲಿಗೆ ಮಾರಿತು. ಅದೇ ವರ್ಷ ಸಮುದಾಯಕ್ಕೆ ಸೇರಿದ್ದ ಬ್ರಿಟನ್ನಿನ ಗೃಹಿಣಿಯರಿಗೆ ಇದು ಹೇಗೆ ಕಂಡಿರಬಹುದು ನೋಡಿ. ಶೀತಲ ಸಮರದ ಕಾಲ. ಎದುರಾಳಿಯ ಬ್ರೆಡ್ಡಿಗೆ ಹಚ್ಚುವ ಬೆಣ್ಣೆಗೆ ತಮ್ಮ ತೆರಿಗೆ. ಬೆಣ್ಣೆಗೆ ಅವರು ಎರಡು ಸಲ ಹಣ ಕೊಟ್ಟಂತಾಯಿತು, ಒಮ್ಮೆ ಅಂಗಡಿಯಲ್ಲಿ ಏರಿದ ದರವಾಗಿ, ಇನ್ನೊಮ್ಮೆ ಮರುಪಾವತಿಯ ತೆರಿಗೆಯಾಗಿ. ಈ ವ್ಯಾಪಾರದ ನಡುವೆ ನಿಂತವರು ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ದುಮೆಂಗ್. ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದೂ ರಫ್ತು ವ್ಯಾಪಾರದಲ್ಲಿ ಕೋಟ್ಯಧೀಶರಾದ ಅವರನ್ನು "ಕೆಂಪು ಕೋಟ್ಯಧಿಪತಿ" ಎನ್ನುತ್ತಿದ್ದರು. ನಡುವೆ ನಿಂತವರಿಗೆ ಯಾವ ಕಾಲದಲ್ಲೂ ನಷ್ಟವಾದದ್ದನ್ನು ನಾನು ಕಂಡಿಲ್ಲ.

ಇಷ್ಟು ಅವರ ಮನೆಯ ಕಥೆ. ಮಾಲು ಇಳಿದ ಊರಿನ ಕಥೆಯೇ ನನಗೆ ಮುಖ್ಯ. ಅದರಲ್ಲಿ ನಮ್ಮ ದೇಶದ್ದೇ ಒಂದು ವಿಚಿತ್ರ ಅಧ್ಯಾಯವಿದೆ.

ಅದಕ್ಕೆ ಮೊದಲು ನಮ್ಮ ಜಿಲ್ಲೆಯದೊಂದು ಮಾತು. ರಾಜ್ಯದ ಮೊದಲ ಡೇರಿ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಎನ್ನುತ್ತಾರೆ. ಅಲ್ಲ. ಕುಶಾಲನಗರದ ಪಕ್ಕದ ಕೂಡಿಗೆ, 1955. ಕೊಡಗು ಆಗ ಪ್ರತ್ಯೇಕ ರಾಜ್ಯವಾಗಿತ್ತು, ವಿಲೀನಕ್ಕೆ ಇನ್ನೊಂದು ವರ್ಷವಿತ್ತು. ಡೇರಿ ಇದ್ದರೂ ನಮ್ಮ ಜಿಲ್ಲೆ ಹಾಲಿನಲ್ಲಿ ಎಂದೂ ಮುಂದೆ ಬರಲಿಲ್ಲ. ಕಾಫಿಯ ನೆರಳಿನಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಆಷಾಢದ ಮಳೆಗೆ ದನ ಕೊಟ್ಟಿಗೆಯಿಂದ ಹೊರಬರುವುದೇ ಕಷ್ಟ. ಇಂದಿಗೂ ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರದ ಬಯಲು ಕಡೆಯವರೇ ಹಾಲಿಗೆ ಆಧಾರ, ಮತ್ತು ಆ ಹಾಲು ಹಾಸನ ಒಕ್ಕೂಟದ ಲೆಕ್ಕಕ್ಕೆ ಸೇರುತ್ತದೆ.

ದೇಶದ ಮಟ್ಟದಲ್ಲಿ 1970ರಲ್ಲಿ ಆಪರೇಷನ್ ಫ್ಲಡ್ ಎಂಬ ಹಾಲಿನ ಯೋಜನೆ ಆರಂಭವಾಯಿತು. ಅದಕ್ಕೆ ಬಂಡವಾಳ ಎಲ್ಲಿಂದ? ಯುರೋಪಿನ ಅದೇ ಬೆಟ್ಟದಿಂದ. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ ಮೊದಲ ಹಂತಕ್ಕೆ ದಾನವಾಗಿ ಬಂತು. ಯೋಜನೆಯನ್ನು ಮುನ್ನಡೆಸಿದ ವರ್ಗೀಸ್ ಕುರಿಯನ್ ಅವರಿಗೆ ಈ ದಾನದ ಅಪಾಯ ಚೆನ್ನಾಗಿ ತಿಳಿದಿತ್ತು. ಪುಕ್ಕಟೆ ಪುಡಿಯನ್ನು ಪುಕ್ಕಟೆ ಹಂಚಿದರೆ, ಅಥವಾ ಅಗ್ಗಕ್ಕೆ ಕದಡಿ ಮಾರಿದರೆ, ಗುಜರಾತಿನ ಆಣಂದದ ರೈತ ಮರುದಿನವೇ ಎಮ್ಮೆ ಮಾರುತ್ತಾನೆ. ಆದ್ದರಿಂದ ಪುಡಿಯನ್ನು ಮುಂಬಯಿ, ದೆಹಲಿ, ಕಲ್ಕತ್ತಾ, ಮದ್ರಾಸ್ ಡೇರಿಗಳಲ್ಲಿ ಹಾಲಾಗಿಸಿ, ದೇಶದ ಹಾಲಿನ ದರಕ್ಕೆ ಪೆಟ್ಟಾಗದ ಬೆಲೆಯಲ್ಲೇ ಮಾರಿಸಿದರು. ಬಂದ ಹಣವನ್ನು ಇಂಡಿಯನ್ ಡೇರಿ ಕಾರ್ಪೊರೇಷನ್ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಸಂಘಗಳಿಗೆ, ಶೀತಲೀಕರಣ ಘಟಕಗಳಿಗೆ, ಟ್ಯಾಂಕರ್‌ಗಳಿಗೆ ಹಾಕಿದರು.

ನನಗೆ ಈ ಉಪಾಯ ಇಷ್ಟ, ಏಕೆಂದರೆ ಇದು ಲೆಕ್ಕದ ಉಪಾಯ. ಅಗ್ಗದ ಮಾಲಿಗೂ ಊರಿನ ದರಕ್ಕೂ ನಡುವೆ ಇರುವ ವ್ಯತ್ಯಾಸ ಯಾವಾಗಲೂ ಯಾರದಾದರೂ ಜೇಬಿಗೆ ಬೀಳಲೇಬೇಕು: ಆಮದುದಾರ, ಬೇಕರಿಯವನು, ಗಿರಾಕಿ ಅಥವಾ ಸರ್ಕಾರ. ಕುರಿಯನ್ ಅದನ್ನು ಹಿಡಿದು ಹಾಲು ಹಾಕುವವನ ಸಂಘದ ಖಾತೆಗೆ ಜಮಾ ಮಾಡಿದರು. ಯೋಜನೆಯ ಮೇಲೆ ಟೀಕೆಗಳೂ ಬಂದವು, ಕೆಲವು ಕಟುವಾಗಿದ್ದವು. ಮಹಾನಗರಗಳ ಡೇರಿಗಳು ವರ್ಷಗಟ್ಟಲೆ ಪರದೇಶದ ಪುಡಿಗೇ ಜೋತುಬಿದ್ದಿವೆ ಎಂಬ ಆಕ್ಷೇಪದಲ್ಲಿ ಹುರುಳಿತ್ತು. ಸರ್ಕಾರ ಎಲ್.ಕೆ. ಝಾ ನೇತೃತ್ವದಲ್ಲಿ ಸಮಿತಿ ಮಾಡಿ ಪರಿಶೀಲಿಸಿತು. ಚೆರ್ನೋಬಿಲ್ ಸ್ಫೋಟದ ನಂತರ ಐರ್ಲೆಂಡಿನಿಂದ ಬಂದ 200 ಟನ್ ಬೆಣ್ಣೆಯಲ್ಲಿ ವಿಕಿರಣ ಇದೆಯೆಂಬ ಭಯ ಎದ್ದು, ಪ್ರಕರಣ ಮುಂಬಯಿಯಿಂದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ತಜ್ಞರ ವರದಿ ತರಿಸಿಕೊಂಡು 1988ರಲ್ಲಿ ನ್ಯಾಯಾಲಯ ಆ ಬೆಣ್ಣೆಗೆ ಅಡ್ಡಿಯಿಲ್ಲ ಎಂದಿತು. ದಾನದ ಬೆಣ್ಣೆಯನ್ನೂ ಹೀಗೆ ಮೂಸಿ ನೋಡಿಯೇ ತಿನ್ನಬೇಕಾಯಿತು.

ಕುರಿಯನ್ ಇಲ್ಲದ ಊರುಗಳಲ್ಲಿ ಏನಾಯಿತು? ಜಮೈಕಾದಲ್ಲಿ 1992ರಲ್ಲಿ, ವಿಶ್ವಬ್ಯಾಂಕಿನ ಸಾಲದ ಷರತ್ತಿನಂತೆ, ಹಾಲಿನ ಪುಡಿಯ ಆಮದಿನ ತಡೆಗಳನ್ನು ತೆಗೆದರು. ಯುರೋಪಿನ ಮರುಪಾವತಿ ಪಡೆದ ಪುಡಿ ಬಂದು ತುಂಬಿತು. ಅಲ್ಲಿಯ ರೈತರು ಕೊಳ್ಳುವವರಿಲ್ಲದೆ ಹಾಲನ್ನು ನೆಲಕ್ಕೆ ಚೆಲ್ಲಿದರು, ಹಸು ಮಾರಿದರು. ಪಶ್ಚಿಮ ಆಫ್ರಿಕಾದಲ್ಲಿ ದನದ ಮಾಂಸದ್ದೂ ಇದೇ ಪಾಡು. ಮಾಲಿ, ಬುರ್ಕಿನಾ ಫಾಸೊ, ನೈಜರ್‌ನ ಒಣ ಬಯಲಿನ ದನಗಾಹಿಗಳು ತಲೆಮಾರುಗಳಿಂದ ದನ ಹೊಡೆದುಕೊಂಡು ಹೋಗಿ ಕರಾವಳಿಯ ಪೇಟೆಗಳಲ್ಲಿ ಮಾರುತ್ತಿದ್ದರು. 1980ರ ದಶಕದಲ್ಲಿ ಅಬಿಜಾನ್‌ನಂಥ ಬಂದರುಗಳಿಗೆ ಯುರೋಪಿನ ಶೀತಲ ಮಾಂಸ ಬಂದು ಇಳಿಯಿತು. ವಿಪರ್ಯಾಸವೆಂದರೆ ಆ ದನಗಾಹಿಗಳ ಬದುಕು ಸುಧಾರಿಸಲು ಹಣ ಕೊಡುತ್ತಿದ್ದದ್ದೂ ಅದೇ ಯುರೋಪ್. ಸಂಘಟನೆಗಳು ದೊಡ್ಡ ಗಲಾಟೆ ಮಾಡಿದ ಮೇಲೆ 1993-94ರಲ್ಲಿ ಆ ಭಾಗಕ್ಕೆ ಹೋಗುವ ಮಾಂಸದ ಮರುಪಾವತಿ ತಗ್ಗಿತು.

ನಮ್ಮ ಹುಡುಗನಿಗೆ ಸಂಜೆಯ ಹಾಲಿನ ಹೊತ್ತಿಗೆ ನಾನು ಕೊಟ್ಟ ಉತ್ತರ ಇಷ್ಟು: ವಿಶ್ವ ವ್ಯಾಪಾರ ಸಂಸ್ಥೆಗೂ ಮೊದಲಿನ ಗ್ಯಾಟ್ ಎಂಬ ವ್ಯಾಪಾರ ಒಪ್ಪಂದದ ಕಾಲದಲ್ಲಿ ಭಾರತ ಕೆನೆರಹಿತ ಪುಡಿಗೆ ಶೂನ್ಯ ಸುಂಕ ಎಂದು ಬರೆದುಕೊಟ್ಟುಬಿಟ್ಟಿತ್ತು. ಯಾರ ಗಮನಕ್ಕೂ ಬಾರದ ಆ ಒಂದು ಸಾಲು, ಆಮದಿನ ನಿರ್ಬಂಧಗಳು ಒಂದೊಂದಾಗಿ ಕಳಚತೊಡಗಿದ ಹೊತ್ತಿಗೆ ಎಲ್ಲರ ನಿದ್ದೆ ಕೆಡಿಸಿತು. 2000ದಲ್ಲಿ ಮತ್ತೆ ಮಾತುಕತೆ ಮಾಡಿ, ವರ್ಷಕ್ಕೆ 10,000 ಟನ್‌ವರೆಗೆ ಶೇ 15, ಅದರಾಚೆಗೆ ಶೇ 60 ಸುಂಕ ಎಂದು ತಿದ್ದಿಸಲಾಯಿತು. "ಆ ಶೇ 60 ಇರುವುದರಿಂದಲೇ ನೀನು ಈ ಕ್ಯಾನ್ ಹಿಡಿದು ನಿಂತಿದ್ದೀಯ" ಎಂದೆ. ಅವನಿಗೆ ಅಷ್ಟೇನೂ ಸಮಾಧಾನವಾದಂತೆ ಕಾಣಲಿಲ್ಲ. ಕೆಚ್ಚಲು ಬಾವಿಗೆ ಸುಂಕದಲ್ಲಿ ಔಷಧವಿಲ್ಲವಷ್ಟೆ.

ಇಷ್ಟು ಓದಿದವರಿಗೆ ಯುರೋಪಿನವರು ಕೇಡಿಗರು, ನಾವು ಪಾಪದವರು ಎನಿಸಬಹುದು. ಹಾಗೆ ಮುಗಿಸಿದರೆ ಸುಲಭ. ಆದರೆ ನಮ್ಮ ಮಾವನವರ ಟ್ರಂಕಿನಲ್ಲಿರುವ ಹಳೆಯ ಕಾಗದಗಳು ಅದಕ್ಕೆ ಬಿಡುವುದಿಲ್ಲ.

ಅವರ ಕಾಲದಲ್ಲಿ ಕೊಡಗಿನ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಕಣದಲ್ಲಿ ಒಣಗಿದ ಚೆರ್ರಿ (ಸಿಪ್ಪೆಸಹಿತ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಬೀಜ) ಎಲ್ಲವೂ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಮೂಲಕ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ದಾಸ್ತಾನಿಗೆ, ಹೋಗಬೇಕು. ಮಂಡಳಿ ಹರಾಜು ಹಾಕಿ ಮಾರುತ್ತಿತ್ತು, ಬೆಳೆಗಾರನಿಗೆ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಹಣ ಬರುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವಾಗ ಮುಂದಿನ ಬೆಳೆಯ ಹೂವೂ ಅರಳಿ ಉದುರಿರುತ್ತಿತ್ತು ಎಂದು ಮಾವನವರು ಹೇಳುತ್ತಿದ್ದರು.

ಜಗತ್ತಿನ ಮಟ್ಟದಲ್ಲಿ 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದವಿತ್ತು. ಬೆಳೆಯುವ ದೇಶಗಳಿಗೆ ರಫ್ತಿನ ಕೋಟಾ ಹಂಚಿ ದರವನ್ನು ಮೇಲೆ ಹಿಡಿದಿಡುವ ಏರ್ಪಾಡು ಅದು. ಅಮೆರಿಕ, ಪಶ್ಚಿಮ ಯುರೋಪ್‌ನಂಥ ಸದಸ್ಯ ದೇಶಗಳಿಗೆ ಕೋಟಾದಷ್ಟೇ ಕಳಿಸಬೇಕು. ಮಿಕ್ಕಿದ್ದನ್ನು? ಒಪ್ಪಂದದ ಹೊರಗಿದ್ದ ದೇಶಗಳಿಗೆ, ಅಂದರೆ ಪೂರ್ವ ಯುರೋಪಿಗೆ, ಪಶ್ಚಿಮ ಏಷ್ಯಾಕ್ಕೆ, ಬೇಕಾದ ದರಕ್ಕೆ ಮಾರಬಹುದಿತ್ತು. ಬೆಳೆಯುವ ದೇಶಗಳು ಹಾಗೆಯೇ ಮಾರಿದವು, ಕೆಲವೊಮ್ಮೆ ಸದಸ್ಯರು ಕೊಡುವ ದರದ ಅರ್ಧಕ್ಕೆ. ಒಳಗೆ ಒಂದು ದರ, ಹೊರಗೆ ಇನ್ನೊಂದು. ಬ್ರಸೆಲ್ಸ್‌ನ ಬೆಣ್ಣೆಗೂ ಇದಕ್ಕೂ ಏನು ವ್ಯತ್ಯಾಸ? ಒಂದೇ: ಇಲ್ಲಿ ಅಂತರವನ್ನು ಭರಿಸಲು ಬೊಕ್ಕಸವಿರಲಿಲ್ಲ, ಬೆಳೆಗಾರನೇ ಸರಾಸರಿಯಲ್ಲಿ ನುಂಗಿಕೊಂಡ. ಹೀಗೆ ಅಗ್ಗಕ್ಕೆ ಹೋದ ಕಾಫಿಯನ್ನು ಚಾಣಾಕ್ಷ ವ್ಯಾಪಾರಿಗಳು ಸುತ್ತಿಸಿ ಮತ್ತೆ ಪಶ್ಚಿಮ ಯುರೋಪಿಗೆ ತಂದು ಪೂರ್ಣ ದರಕ್ಕೆ ಮಾರುತ್ತಿದ್ದರು. ಅದಕ್ಕೆ "ಟೂರಿಸ್ಟ್ ಕಾಫಿ" ಎಂಬ ಹೆಸರೇ ಇತ್ತು. ಕೊಡಗಿಗೆ ಈಗ ಬರುವ ಟೂರಿಸ್ಟರಿಗಿಂತ ಅದು ಹೆಚ್ಚು ಊರು ಸುತ್ತಿರಬೇಕು.

ಈ ಎರಡು ದರದ ಆಟದ ಮೇಲೆ ಅಮೆರಿಕಕ್ಕೆ ಸಿಟ್ಟು ಬಂದದ್ದೂ ಒಪ್ಪಂದ ಮುರಿಯಲು ಒಂದು ಕಾರಣ. 1989ರ ಜುಲೈನಲ್ಲಿ ಕೋಟಾ ರದ್ದಾಯಿತು, ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ದರ ಅರ್ಧಕ್ಕೆ ಬಿತ್ತು. ಎರಡು ವರ್ಷಕ್ಕೆ ಸೋವಿಯತ್ ಒಕ್ಕೂಟವೇ ಕರಗಿತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ಯುರೋಪಿನ ಅಗ್ಗದ ಬೆಣ್ಣೆಯನ್ನೂ ನಮ್ಮ ಕಾಫಿಯನ್ನೂ ಒಂದೇ ಮನೆಯವರು ಕೊಳ್ಳುತ್ತಿದ್ದರು ಎಂದು ನೆನೆದರೆ ನನಗೆ ನಗು ಬರುತ್ತದೆ. 1992ರಿಂದ ಪೂಲ್ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಈಗ ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ. ಬೆಳಗ್ಗೆ ಮೊಬೈಲಿನಲ್ಲಿ ಲಂಡನ್ ಮಾರುಕಟ್ಟೆಯ ಕಾಫಿ ದರ ನೋಡದೆ ನಮ್ಮ ಯಜಮಾನರು ಹಲ್ಲುಜ್ಜುವುದಿಲ್ಲ.

ಮೆಣಸಿನದು ಬೇರೆಯದೇ ಕಥೆ. ವಿಯೆಟ್ನಾಂ ಮೆಣಸಿಗೆ ಯಾವ ಬೊಕ್ಕಸವೂ ಹಣ ಕಟ್ಟಿಕೊಡುತ್ತಿರಲಿಲ್ಲ, ಅದು ನಿಜವಾಗಿಯೇ ಅಗ್ಗ. ಶ್ರೀಲಂಕಾದ ಹೆಸರು ಹೊತ್ತು, ಅಲ್ಲಿಗೆ ಇರುವ ಸುಂಕದ ರಿಯಾಯಿತಿಯಲ್ಲಿ ಒಳಬಂದದ್ದು ಮಾತ್ರ ಮೋಸ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಟ್ಟಿತು. ಅಗ್ಗವಾದದ್ದೆಲ್ಲ ಸುರಿದ ಮಾಲು ಎಂದು ಬೊಬ್ಬೆ ಹಾಕುವವರು ನಿಜವಾಗಿ ಅಗ್ಗವಾದದ್ದನ್ನೂ ಬೊಕ್ಕಸದ ಹಣದಿಂದ ಅಗ್ಗವಾಗಿಸಿದ್ದನ್ನೂ ಬೇರೆಬೇರೆಯಾಗಿ ನೋಡಬೇಕು.

ಯುರೋಪ್ ಬದಲಾಗಲಿಲ್ಲವೇ ಎಂದರೆ, ಬದಲಾಯಿತು, ನಿಧಾನವಾಗಿ. 1984ರಲ್ಲಿ ಹಾಲಿಗೆ ಕೋಟಾ ಬಂತು. ಪ್ರತಿ ದೇಶಕ್ಕೆ, ಪ್ರತಿ ರೈತನಿಗೆ ಮಿತಿ, ಮೀರಿದರೆ ದಂಡ. 1992ರಲ್ಲಿ ಐರ್ಲೆಂಡಿನ ರೇ ಮ್ಯಾಕ್‌ಶೆರಿ ಯುರೋಪಿನ ಕೃಷಿ ಆಯುಕ್ತರಾಗಿದ್ದಾಗ ಬೆಂಬಲ ದರಗಳನ್ನು ಇಳಿಸಿ, ಆ ನಷ್ಟಕ್ಕೆ ರೈತನ ಕೈಗೆ ನೇರ ಹಣ ಕೊಡುವ ದಾರಿ ಹಿಡಿದರು. 2013ರ ನಂತರ ಯುರೋಪ್ ರಫ್ತು ಮರುಪಾವತಿ ಕೊಟ್ಟಿಲ್ಲ. 2015ರ ಡಿಸೆಂಬರ್‌ನಲ್ಲಿ ನೈರೋಬಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರು ಕೃಷಿ ರಫ್ತು ಸಬ್ಸಿಡಿಗಳನ್ನೇ ಕೈಬಿಡಲು ಒಪ್ಪಿದರು. ಆದರೆ ಅದೇ 2015ರ ಮಾರ್ಚ್ ಕೊನೆಗೆ ಹಾಲಿನ ಕೋಟಾವೂ ಹೋಯಿತು. ಹಾಲು ಉಕ್ಕಿತು, ದರ ಬಿತ್ತು, ಮತ್ತೆ ಗೋದಾಮು ತುಂಬಿತು. ಈ ಸಲ ಮೂರೂವರೆ ಲಕ್ಷ ಟನ್ನಿಗೂ ಮೀರಿದ ಕೆನೆರಹಿತ ಪುಡಿ. ಅದನ್ನು ಟೆಂಡರ್ ಕರೆದು ಸ್ವಲ್ಪಸ್ವಲ್ಪವಾಗಿ ಮಾರಿ ಮುಗಿಸುವಾಗ 2019 ಬಂದಿತ್ತು. ಈಗ ಪಶ್ಚಿಮ ಆಫ್ರಿಕಾದ ಅಂಗಡಿಗಳಿಗೆ ಕೆನೆ ತೆಗೆದ ಪುಡಿಗೆ ತಾಳೆ ಎಣ್ಣೆ ಬೆರೆಸಿದ ಚೀಲ ಹೋಗುತ್ತಿದೆ. ಅದಕ್ಕೆ ಮರುಪಾವತಿಯೇ ಬೇಕಿಲ್ಲ. ರೈತನಿಗೆ ಮನೆಬಾಗಿಲಿಗೆ ಹಣ ಬಂದಿರುವಾಗ ಅವನ ಹಾಲು ಮೊದಲೇ ಅಗ್ಗ.

ನಮ್ಮಲ್ಲೂ ಹಾಲು ಮಿಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳಿಗೆ 18 ಗ್ರಾಂ ಪುಡಿಯಿಂದ 150 ಮಿಲಿ ಲೀಟರ್ ಹಾಲು ಕೊಡಲು ಶುರು ಮಾಡಿದ್ದು ಮಕ್ಕಳ ಹಸಿವಿನ ಜೊತೆಗೆ ಒಕ್ಕೂಟಗಳಲ್ಲಿ ಮಿಕ್ಕ ಹಾಲಿಗೂ ದಾರಿಯಾಯಿತು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು, ಮದುವೆ ಎಲ್ಲ ನಿಂತಾಗ ಸರ್ಕಾರವೇ ಹಾಲು ಕೊಂಡು ಬಡವರಿಗೆ ಹಂಚಿತು. ಮಿಕ್ಕದ್ದನ್ನು ಮನೆಯೊಳಗಿನ ಹಸಿದವರಿಗೆ ಮೊದಲು ಬಡಿಸುವ ಈ ಎರಡೂ ಕ್ರಮಗಳ ಪರ ನಾನು ಎಲ್ಲಿ ಬೇಕಾದರೂ ನಿಂತು ಮಾತನಾಡುತ್ತೇನೆ. ಆದರೆ 2018ರಲ್ಲಿ ಪುಡಿಯ ದಾಸ್ತಾನು ಏರಿದಾಗ ಹಾಲಿನ ಉತ್ಪನ್ನಗಳ ರಫ್ತಿಗೆ ಶೇ 20ರ ಪ್ರೋತ್ಸಾಹಕ ಕೊಟ್ಟದ್ದೂ ನಮ್ಮ ದೇಶವೇ.

ಅಣ್ಣನ ಜೊತೆ ಜಗಳ ಹತ್ತುವುದು ಸಕ್ಕರೆಯ ವಿಷಯದಲ್ಲಿ. ಯುರೋಪ್ ತನ್ನ ಸಕ್ಕರೆಗೆ ಟನ್ನಿಗೆ 632 ಯೂರೋ ದರ ಕಟ್ಟಿಕೊಂಡಿತ್ತು, ಜಗತ್ತಿನ ದರದ ಸುಮಾರು ಮೂರು ಪಟ್ಟು. ಮಿಕ್ಕಿದ್ದನ್ನು ಹೊರಗೆ ಸುರಿಯುತ್ತಿತ್ತು. ಬ್ರೆಜಿಲ್, ಆಸ್ಟ್ರೇಲಿಯಾ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು 2005ರಲ್ಲಿ ಗೆದ್ದವು. ಮರುವರ್ಷ ಯುರೋಪ್ ದರವನ್ನು ಶೇ 36ರಷ್ಟು ಇಳಿಸುವ ಸುಧಾರಣೆಗೆ ಕೈಹಾಕಿತು, ಕಾರ್ಖಾನೆಗಳು ಮುಚ್ಚಿದವು. ಐರ್ಲೆಂಡಿನ ಕೊನೆಯ ಸಕ್ಕರೆ ಕಾರ್ಖಾನೆ, ಮ್ಯಾಲೋ ಎಂಬ ಊರಿನದು, 2006ರಲ್ಲೇ ನಿಂತಿತು. ಇದನ್ನು ಹೇಳಿದಾಗ ಅಣ್ಣನಿಗೆ ಬಹಳ ಖುಷಿ. "ಹಾಗೇ ಆಗಬೇಕು ಅವರಿಗೆ" ಎಂದ.

"ತಾಳು" ಎಂದೆ. 2019ರಲ್ಲಿ ಅದೇ ಬ್ರೆಜಿಲ್, ಅದೇ ಆಸ್ಟ್ರೇಲಿಯಾ, ಜೊತೆಗೆ ಗ್ವಾಟೆಮಾಲಾ ದೂರು ಕೊಟ್ಟದ್ದು ಭಾರತದ ಮೇಲೆ. 2019-20ರಲ್ಲಿ ನಮ್ಮ ಸರ್ಕಾರ 60 ಲಕ್ಷ ಟನ್ ಸಕ್ಕರೆ ರಫ್ತಿಗೆ ಟನ್ನಿಗೆ 10,448 ರೂಪಾಯಿ ನೆರವು ಘೋಷಿಸಿತ್ತು. ಮುಂದಿನ ವರ್ಷ 6,000 ರೂಪಾಯಿ. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು, ಆದರೆ ಅದನ್ನು ಕೇಳಬೇಕಾದ ಪೀಠದಲ್ಲಿ ಸದಸ್ಯರೇ ಇಲ್ಲದ್ದರಿಂದ ಕಡತ ಅಲ್ಲೇ ತೂಗಾಡುತ್ತಿದೆ. ಅಣ್ಣ ಕೆರಳಿದ. ಯುರೋಪಿನವನಿಗೆ ನೂರಾರು ಎಕರೆ, ತನಗೆ ಮೂರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವಳು ನೀನೊಬ್ಬಳೇ ಎಂದ. ನಿನ್ನ ಹಾಲಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುವುದಿಲ್ಲವೇ ಎಂದು ತಿರುಗಿಸಿ ಹೊಡೆದ. ಹೊಡೆತ ತಕ್ಕ ಜಾಗಕ್ಕೇ ಬಿತ್ತು. ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ಕೊಟ್ಟಿಗೆಯಲ್ಲಿ ಹಸು ಉಳಿಸಿಕೊಂಡಿರುವುದು ಆ 5 ರೂಪಾಯಿಯ ಧೈರ್ಯದ ಮೇಲೆ.

ಆದರೂ ಒಂದು ವ್ಯತ್ಯಾಸವನ್ನು ಅವನ ಮುಂದಿಟ್ಟೆ. ಆ 5 ರೂಪಾಯಿ ಹಾಲು ಹಾಕಿದವರ ಬ್ಯಾಂಕ್ ಖಾತೆಗೆ ಅವರವರ ಹೆಸರಿನಲ್ಲೇ ಬರುತ್ತದೆ. ತಡವಾಗಿ ಬಂದರೂ ಎಷ್ಟು ಲೀಟರಿಗೆ ಎಷ್ಟು ಎಂದು ನಾನು ತೋರಿಸಬಲ್ಲೆ. ಸಕ್ಕರೆ ರಫ್ತಿನ ನೆರವು ಬಂದದ್ದು ಕಾರ್ಖಾನೆಗೆ, ರೈತರ ಕಬ್ಬಿನ ಬಾಕಿ ತೀರಿಸಲಿ ಎಂಬ ಹೆಸರಿನಲ್ಲಿ. "ಆ ಎರಡು ವರ್ಷದ ನಿನ್ನ ಬಿಲ್ಲು ತೆಗೆದು ನೋಡು ಅಣ್ಣ. ಕಬ್ಬು ಕಡಿದು ಎಷ್ಟು ತಿಂಗಳಿಗೆ ಹಣ ಬಂತು? ಟನ್ನಿಗೆ ಒಂದು ರೂಪಾಯಿಯಾದರೂ ಹೆಚ್ಚು ಬಂತೇ?"

ಬಿಲ್ಲು ಅತ್ತಿಗೆಯ ಬೀರುವಿನಲ್ಲಿದೆ, ಹುಡುಕಬೇಕು ಎಂದ. ಆಮೇಲೆ, ಈ ಸಲ ಊರಿಗೆ ಬರುವಾಗ ತರುವ ಕಾಫಿಪುಡಿಗೆ ಚಿಕೋರಿ ಕಡಿಮೆ ಹಾಕಿಸು ಎಂದು ಮಾತು ಬದಲಿಸಿದ.